ಕ್ಲಾಸಿನಲ್ಲಿ ಕಿತ್ತುಕೊಂಡ ಮೊಬೈಲು: ಒಂಬತ್ತನೇ ತರಗತಿಯ ಒಂದು ಪ್ರಕರಣ

(ಗುರುತು ಸಿಗದಂತೆ ಊರು, ಮನೆಯ ವಿವರಗಳನ್ನು ಬದಲಿಸಲಾಗಿದೆ.)

ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರೌಢಶಾಲೆಯ ವಿದ್ಯಾರ್ಥಿನಿ, ವಯಸ್ಸು 14. ಹಳ್ಳಿಯಿಂದ ಬಸ್ಸಿನಲ್ಲಿ ಓಡಾಟ. ತಂದೆ ಬೆಂಗಳೂರಿನಲ್ಲಿ ಡ್ರೈವರ್, ತಾಯಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಸಂಜೆ ಬಸ್ ತಪ್ಪಿದರೆ ಫೋನ್ ಮಾಡಲಿ ಎಂದು ತಾಯಿಯೇ ಹಳೇ ಸ್ಮಾರ್ಟ್‌ಫೋನ್ ಕೊಟ್ಟಿದ್ದರು. ಶಾಲೆಗೆ ಮೊಬೈಲ್ ತರಬಾರದೆಂಬ ನಿಯಮ ಇತ್ತು. ಆದರೂ ಹಲವರು ತರುತ್ತಿದ್ದರು, ಅದು ಎಲ್ಲರಿಗೂ ಗೊತ್ತಿತ್ತು. ಒಂದು ದಿನ ಗಣಿತದ ಪೀರಿಯಡ್‌ನಲ್ಲಿ ಡೆಸ್ಕಿನ ಕೆಳಗೆ ವಾಟ್ಸ್‌ಆ್ಯಪ್ ನೋಡುತ್ತಿದ್ದವಳ ಕೈಯಿಂದ ಶಿಕ್ಷಕರು ಫೋನ್ ಕಿತ್ತುಕೊಂಡು, ತೆರೆದಿದ್ದ ಮೆಸೇಜುಗಳನ್ನು ಇಡೀ ಕ್ಲಾಸಿಗೆ ಓದಿ ಹೇಳಿದರು. ಫೋನು ಮುಖ್ಯ ಶಿಕ್ಷಕರ ಬೀರು ಸೇರಿತು. ಪರೀಕ್ಷೆ ಮುಗಿದ ಮೇಲೆಯೇ ವಾಪಸ್ ಎಂದಾಯಿತು. ಮರುದಿನದಿಂದ ಹುಡುಗಿ ಶಾಲೆಗೆ ಹೋಗಲಿಲ್ಲ. ನಾಲ್ಕನೇ ದಿನ ತಾಯಿ ಅವಳನ್ನು ಆಪ್ತಸಮಾಲೋಚಕರಾದ ನಮ್ಮ ಬಳಿ ಕರೆತಂದರು: "ಊಟ ಬಿಟ್ಟಿದಾಳೆ ಮೇಡಂ. ಸಾಯ್ತೀನಿ ಅಂತಾಳೆ."

ಆ ಮಾತು ಬಂದ ಮೇಲೆ ಮೊಬೈಲಿನ ವಿಷಯ ಆಮೇಲೆ. ತಾಯಿಯನ್ನು ಹೊರಗೆ ಕೂರಿಸಿ ಹುಡುಗಿಯನ್ನು ನೇರವಾಗಿ ಕೇಳಿದೆವು: ಸಾಯುವ ಯೋಚನೆ ಬಂದಿದೆಯೇ, ಹೇಗೆ ಎಂದೂ ಯೋಚಿಸಿದ್ದೀಯಾ, ಹಿಂದೆ ಯಾವಾಗಲಾದರೂ ಪ್ರಯತ್ನಿಸಿದ್ದೀಯಾ? ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂದು ಹಲವರು ಹಿಂಜರಿಯುತ್ತಾರೆ. ಹಾಗಾಗುವುದಿಲ್ಲ, ಮಗುವಿಗೆ ಹೇಳಿಕೊಳ್ಳಲು ದಾರಿ ಸಿಗುತ್ತದೆ. ಇವಳಲ್ಲಿ ಅಂಥ ಯೋಜನೆ ಇರಲಿಲ್ಲ, ತಡೆಯಲಾರದ ಅವಮಾನ ಇತ್ತು. "ಆ ಕ್ಲಾಸಿಗೆ ಇನ್ನು ಹೆಂಗೆ ಹೋಗ್ಲಿ ಮಿಸ್?" ಎಂದಳು. ಆದರೂ ಮನೆಯಲ್ಲಿರುವ ಕೀಟನಾಶಕ, ಮಾತ್ರೆಗಳಿಗೆ ಬೀಗ ಹಾಕಲು, ಮೊದಲ ವಾರ ಅವಳನ್ನು ಒಬ್ಬಳೇ ಬಿಡದಿರಲು ತಾಯಿಗೆ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಬರೆದುಕೊಟ್ಟೆವು. ಹಗಲು ರಾತ್ರಿ ಎನ್ನದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಭೇಟಿಯಲ್ಲಿ ಹಿಂದಿನ ವಾರದ ವೇಳಾಪಟ್ಟಿ ಹಿಡಿದು ಕೂತೆವು. ಯಾವ ಪೀರಿಯಡ್‌ನಲ್ಲಿ ಫೋನ್ ತೆಗೆದೆ, ಏನು ನೋಡಿದೆ, ಅದಕ್ಕೆ ಮುಂಚಿನ ನಿಮಿಷ ಬೋರ್ಡಿನ ಮೇಲೆ ಏನಿತ್ತು? ಮೂರನೇ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಉತ್ತರ ಸಿಗುವುದು ಅಲ್ಲೇ. ಕನ್ನಡ, ಸಮಾಜ ವಿಜ್ಞಾನದ ಕ್ಲಾಸುಗಳಲ್ಲಿ ಅವಳು ಫೋನ್ ಮುಟ್ಟಿರಲಿಲ್ಲ. ಗಣಿತದಲ್ಲಿ ಬಹುಪದೋಕ್ತಿ ಶುರುವಾದ ಮೇಲೆ ಪ್ರತಿ ಪೀರಿಯಡ್‌ನಲ್ಲೂ ತೆಗೆದಿದ್ದಳು. ಲೆಕ್ಕ ಮಾಡಿಸಿ ನೋಡಿದರೆ ಋಣ ಸಂಖ್ಯೆಗಳನ್ನು ಕೂಡುವುದು, ಕಳೆಯುವುದೇ ಗಟ್ಟಿಯಾಗಿರಲಿಲ್ಲ. ಪಾಠದ ಎಳೆ ತಪ್ಪಿದ ಕೂಡಲೇ ಕೈ ಚೀಲಕ್ಕೆ ಹೋಗುತ್ತಿತ್ತು. ಎರಡನೇ ಕಾರಣ ನಿದ್ದೆ. ಗೆಳತಿಯರ ಗ್ರೂಪಿನ ಮಾತು ರಾತ್ರಿ ಒಂದರವರೆಗೂ ನಡೆಯುತ್ತಿತ್ತು. ಈ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಅವಳಿಗೆ ಸಿಗುತ್ತಿದ್ದುದು ಐದು.

ಮನೆಗೆ ಕೊಟ್ಟ ಸಲಹೆ ಚಿಕ್ಕದು. ರಾತ್ರಿ ಒಂಬತ್ತೂವರೆಗೆ ತಾಯಿಯ ಫೋನೂ ಮಗಳ ಫೋನೂ ನಡುಮನೆಯಲ್ಲಿ ಚಾರ್ಜಿಗೆ. "ಅಲಾರಂ ಬೇಕಲ್ಲ" ಎಂಬ ನೆಪಕ್ಕೆ ಒಂದು ಸಾದಾ ಗಡಿಯಾರ. ಗ್ರೂಪನ್ನು ಬಿಡಬೇಕಿಲ್ಲ, ಮ್ಯೂಟ್ ಮಾಡಿ "ರಾತ್ರಿ ನೋಡಲ್ಲ" ಎಂದು ಒಬ್ಬ ಗೆಳತಿಗೆ ಮೊದಲೇ ಹೇಳಿದರೆ ಸಾಕು. ಮೊದಲ ವಾರ ಸಿಡುಕು ಇದ್ದೇ ಇರುತ್ತದೆ. ಅದನ್ನು ನೋಡಿ ತಾಯಿ ಸೋತರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಶಾಲೆಯ ಜೊತೆಗಿನ ಮಾತಿಗೆ ಹೆಚ್ಚು ಹೊತ್ತು ಹಿಡಿಯಿತು. "ನಿಯಮ ಸಡಿಲ ಮಾಡಿ ಅಂತೀರಾ?" ಎಂದು ಮುಖ್ಯ ಶಿಕ್ಷಕರು ಕೇಳಿದರು. ಇಲ್ಲ, ಬಿಗಿ ಮಾಡಿ ಎಂದೆವು. ಪಾಠದ ಹೊತ್ತಿನಲ್ಲಿ ಮಕ್ಕಳ ಕೈಯಲ್ಲಿ ಫೋನ್ ಇರಲೇಬಾರದು. ಆದರೆ ದೂರದಿಂದ ಬರುವ ಮಕ್ಕಳಿಗೆ ತರಲೇಬೇಡಿ ಎಂದರೆ ಅದು ಗೋಡೆಯ ಮೇಲಿನ ಬರಹವಾಗಿ ಉಳಿಯುತ್ತದೆ. ದೆಹಲಿ ಹೈಕೋರ್ಟ್ ಕೂಡ 2025ರಲ್ಲಿ ಶಾಲೆಗಳಲ್ಲಿ ಸಂಪೂರ್ಣ ನಿಷೇಧ ಕಾರ್ಯಸಾಧ್ಯವಲ್ಲ ಎಂದು ಹೇಳಿ, ಸಾಧ್ಯವಿರುವಲ್ಲಿ ಬೆಳಿಗ್ಗೆ ಒಪ್ಪಿಸಿ ಸಂಜೆ ಮನೆಗೆ ಒಯ್ಯುವ ಕ್ರಮ ಸೂಚಿಸಿದೆ.

ಒಪ್ಪಿಸುವುದು ಹೇಗೆ? ಪ್ರತಿ ತರಗತಿಗೆ ದಪ್ಪ ಬಟ್ಟೆಯಲ್ಲಿ ಹಾಜರಿ ಸಂಖ್ಯೆ ಬರೆದ ಜೇಬುಗಳ ಒಂದು ಹಾಳೆ ಹೊಲಿಸಿ. ಊರಿನ ಟೈಲರ್ ಒಂದು ದಿನದಲ್ಲಿ ಹೊಲಿದುಕೊಡುತ್ತಾರೆ. ಪ್ರಾರ್ಥನೆಗೆ ಹತ್ತು ನಿಮಿಷ ಮುಂಚೆ ಕ್ಲಾಸ್ ಟೀಚರ್ ಎದುರು ಫೋನ್ ಸ್ವಿಚ್ ಆಫ್ ಮಾಡಿ ಜೇಬಿಗೆ ಹಾಕಬೇಕು. ಸೈಲೆಂಟ್ ಸಾಲದು, ಬೀರುವಿನೊಳಗೆ ನಲವತ್ತು ಫೋನು ಗುಂಯ್‌ಗುಡುತ್ತವೆ. ಹಾಳೆ ಮಡಿಸಿ ಬೀರುವಿಗೆ, ಬೀಗ. ಪೋಷಕರ ಸಹಿ ಇರುವ ಒಪ್ಪಿಗೆ ಪತ್ರ, ಫೋನಿನ ಮಾಡೆಲ್, ಪ್ರತಿ ಫೋನಿಗೂ ಬೇರೆಯೇ ಇರುವ ಗುರುತಿನ ಸಂಖ್ಯೆ ಐಎಂಇಐಯ ಕೊನೆಯ ನಾಲ್ಕು ಅಂಕಿ (*#06# ಒತ್ತಿದರೆ ಬರುತ್ತದೆ) ರಿಜಿಸ್ಟರಿನಲ್ಲಿರಲಿ.

ಕೆಡುವ ಜಾಗಗಳು ಬೇರೆಯೇ. ಕೆಟ್ಟುಹೋದ ಹ್ಯಾಂಡ್‌ಸೆಟ್ ಒಪ್ಪಿಸಿ ನಿಜವಾದದ್ದನ್ನು ಸಾಕ್ಸಿನಲ್ಲಿಡುವ ಮಕ್ಕಳಿದ್ದಾರೆ. ಪರದೆ ಬೆಳಗುವುದನ್ನು ನೋಡಿದ ಮೇಲೆಯೇ ಆಫ್ ಮಾಡಿಸಬೇಕು. ಬೀರುವಿನ ಕೀ ಮುಖ್ಯ ಶಿಕ್ಷಕರೊಬ್ಬರ ಬಳಿಯೇ ಇದ್ದರೆ, ಅವರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಮೀಟಿಂಗಿಗೆ ಹೋದ ಸಂಜೆ ಎಲ್ಲ ಫೋನುಗಳೂ ಒಳಗೇ ಉಳಿಯುತ್ತವೆ, ಮರುದಿನ ಯಾರೂ ಒಪ್ಪಿಸುವುದಿಲ್ಲ. ಎರಡನೇ ಕೀ ಇನ್ನೊಬ್ಬರಲ್ಲಿರಲಿ. ವಾಪಸ್ ಕೊಡುವಾಗ ಬಸ್ಸಿನ ಮಕ್ಕಳಿಗೆ ಮೊದಲು. "ಈ ಪೀರಿಯಡ್‌ಗೆ ಗೂಗಲ್ ಮಾಡಲು ತೆಗೀರಿ" ಎಂದು ಒಬ್ಬ ಶಿಕ್ಷಕರು ಒಂದು ಸಲ ಹೇಳಿದರೂ ವ್ಯವಸ್ಥೆ ಕುಸಿಯುತ್ತದೆ. ಶಿಕ್ಷಕರೂ ಪಾಠದ ನಡುವೆ ತಮ್ಮ ಫೋನ್ ನೋಡಬಾರದು, ಮನೆಗೆಲಸವನ್ನು ಬೋರ್ಡಿನ ಮೇಲೇ ಬರೆಸಬೇಕು. ರಾತ್ರಿ ಒಂಬತ್ತಕ್ಕೆ ವಾಟ್ಸ್‌ಆ್ಯಪಿನಲ್ಲಿ ಮನೆಗೆಲಸ ಕಳಿಸುವ ಶಾಲೆ, ಮಕ್ಕಳಿಗೆ ಫೋನ್ ನೋಡಬೇಡಿ ಎನ್ನಲಾಗದು.

ಒಪ್ಪಿಸದೆ ಸಿಕ್ಕಿಬಿದ್ದರೆ? ಮೊದಲ ಸಲ ಸಂಜೆಯವರೆಗೆ ಮುಖ್ಯ ಶಿಕ್ಷಕರ ಬಳಿ. ಎರಡನೇ ಸಲ ಪೋಷಕರೇ ಬಂದು ಒಯ್ಯಬೇಕು, ಮಗು ಮನೆ ತಲುಪಿದ ಸುದ್ದಿಗೆ ಬೇರೆ ಏರ್ಪಾಡು ಶಾಲೆಯೇ ಮಾಡಬೇಕು. ದಂಡ ಬೇಡ, ತಿಂಗಳುಗಟ್ಟಲೆ ಇಟ್ಟುಕೊಳ್ಳುವುದು ಬೇಡ. ಯಾವ ಕಾರಣಕ್ಕೂ ಶಿಕ್ಷಕರು ಫೋನ್ ತೆರೆದು ಓದಬಾರದು. ಮಗುವಿನ ಅಶ್ಲೀಲ ಚಿತ್ರ ಕಣ್ಣಿಗೆ ಬಿದ್ದರೆ ಅದನ್ನು "ಸಾಕ್ಷಿಗೆ" ಎಂದು ಸ್ಟಾಫ್ ಗ್ರೂಪಿಗೆ ಹಾಕುವುದೇ ಅಪರಾಧ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ವರದಿ ಮಾಡಲೇಬೇಕು, ಮಕ್ಕಳ ಸಹಾಯವಾಣಿ 1098ಕ್ಕೂ ತಿಳಿಸಬಹುದು. ಮಾನಸಿಕ ಹಿಂಸೆಯನ್ನು ನಿಷೇಧಿಸುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಎಂಟನೇ ತರಗತಿವರೆಗಿನ ಮಾತು ಎಂದು ಒಬ್ಬರು ವಾದಿಸಿದರು. ಒಂಬತ್ತಕ್ಕೆ ಬಂದ ಮಗುವಿಗೇನು ಮಾನ ಇಲ್ಲವೇ?

ಗಣಿತದ ಶಿಕ್ಷಕರು ಹುಡುಗಿಯನ್ನು ತಾಯಿಯ ಎದುರಿಗೇ ಕರೆದು, ಓದಿ ಹೇಳಿದ್ದು ತಪ್ಪಾಯಿತು ಎಂದರು. ಅದು ಅವಳು ವಾಪಸ್ ಬರಲು ಎಲ್ಲಕ್ಕಿಂತ ಹೆಚ್ಚು ನೆರವಾಯಿತು. ಮೊದಲ ದಿನ ಆಯ್ದ ಗೆಳತಿಯ ಪಕ್ಕ ಕೂತಳು. ಆರು ವಾರಗಳಲ್ಲಿ ಫೋನ್ ಒಪ್ಪಿಸುವುದು ಅಭ್ಯಾಸವಾಗಿದೆ, ನಿದ್ದೆ ಏಳೂವರೆ ಗಂಟೆಗೆ ಬಂದಿದೆ. ಗಣಿತ ಇನ್ನೂ ಕಷ್ಟ. ವಾರಕ್ಕೆರಡು ದಿನ ಪ್ರಾರ್ಥನೆಗೆ ಮುಂಚೆ ಅರ್ಧ ಗಂಟೆ ಋಣ ಸಂಖ್ಯೆಯಿಂದಲೇ ಹೇಳಿಕೊಡಲಾಗುತ್ತಿದೆ. ರೂಪಣಾತ್ಮಕ ಮೌಲ್ಯಮಾಪನ (ವರ್ಷದ ನಡುವಿನ ಕಿರು ಪರೀಕ್ಷೆ) ಮುಗಿದ ಮೇಲೆ ತಾಯಿ, ಮಗಳು, ಗಣಿತ ಶಿಕ್ಷಕರು ಮೂವರನ್ನೂ ಒಟ್ಟಿಗೆ ಕೂರಿಸುವುದೆಂದು ನಿಗದಿಯಾಗಿದೆ.