‘ಇಲ್ಲ’ ಅಂತ ಹಾಕಿ ಎನ್ನುತ್ತಾನೆ ವೀಸಾ ಏಜೆಂಟ್, ಹಾಕಲಾ?

ಪ್ರಶ್ನೆ: ನನಗೆ 58 ವರ್ಷ. ಮೂರು ವರ್ಷದ ಹಿಂದೆ ಬೆಂಗಳೂರಿನಲ್ಲಿ ನೆಂಟರ ಮನೆ ಊಟ ಮುಗಿಸಿ ಕಾರಿನಲ್ಲಿ ಬರುವಾಗ ಪೊಲೀಸರು ನಿಲ್ಲಿಸಿ ಊದಿಸಿದರು. ಎರಡು ಪೆಗ್ ಹಾಕಿದ್ದೆ. ಕಾರು ಹಿಡಿದುಕೊಂಡು ನೋಟಿಸ್ ಕೊಟ್ಟರು, ಆಮೇಲೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು 10,000 ರೂಪಾಯಿ ದಂಡ ಕಟ್ಟಿ ಬಂದೆ. ಈಗ ಅಮೆರಿಕದಲ್ಲಿರುವ ಮಗಳ ಹೆರಿಗೆಗೆ ನಾನು, ನನ್ನ ಹೆಂಡತಿ ಹೊರಡಬೇಕು. ವೀಸಾ ಫಾರಂನಲ್ಲಿ ಅರೆಸ್ಟ್ ಆಗಿದ್ದೀರಾ ಅಂತ ಒಂದು ಪ್ರಶ್ನೆ ಇದೆ. ಏಜೆಂಟ್ ‘ನಿಮ್ಮನ್ನ ಅರೆಸ್ಟ್ ಮಾಡಿಲ್ಲ ಅಲ್ವಾ ಸಾರ್, ಇಲ್ಲ ಅಂತಲೇ ಹಾಕೋಣ’ ಎನ್ನುತ್ತಾನೆ. ಕೆನಡಾದಲ್ಲಿರುವ ತಂಗಿ ಮನೆಗೂ ಹೋಗುವ ಆಸೆಯಿದೆ. ಏನು ಮಾಡಲಿ?
ಹೆಸರು ಬೇಡ, ತುಮಕೂರು

ಉತ್ತರ: ‘ಹೌದು’ ಅಂತಲೇ ಹಾಕಿ ಸಾರ್. ದಯವಿಟ್ಟು ಆ ಏಜೆಂಟ್ ಮಾತು ಕೇಳಬೇಡಿ. ಡಿಎಸ್-160 ಅಂದರೆ ಅಮೆರಿಕದ ವೀಸಾ ಅರ್ಜಿ ಫಾರಂನಲ್ಲಿರುವ ಆ ಪ್ರಶ್ನೆಯನ್ನು ನೀವೇ ಒಂದು ಸಲ ಓದಿ. ಅರೆಸ್ಟ್ ಆಗಿದ್ದೀರಾ ಅಂತಷ್ಟೇ ಅಲ್ಲಿ ಕೇಳಿಲ್ಲ, ಯಾವುದಾದರೂ ಅಪರಾಧಕ್ಕೆ ಶಿಕ್ಷೆ ಆಗಿದೆಯಾ ಅಂತಲೂ ಕೇಳಿದ್ದಾರೆ, ಆಮೇಲೆ ಕ್ಷಮೆ ಸಿಕ್ಕಿದ್ದರೂ ಹೇಳಲೇಬೇಕು. ನಮ್ಮಲ್ಲಿ ತುಂಬಾ ಜನ ಎಡವುವುದು ಇಲ್ಲೇ. ದಂಡ ಕಟ್ಟಿದೆ, ಕಾರು ಬಿಡಿಸಿಕೊಂಡು ಬಂದೆ, ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್‌ನಲ್ಲಿ ತಪ್ಪೊಪ್ಪಿಕೊಂಡು ಕೋರ್ಟಿನಲ್ಲಿ ಕಟ್ಟುವ ದಂಡ ಸಿಗ್ನಲ್ ಜಂಪ್ ಮಾಡಿದ ಫೈನ್ ಥರ ಅಲ್ಲ. ಅದು ಶಿಕ್ಷೆ. ಮೊದಲ ಸಲಕ್ಕೇ 6 ತಿಂಗಳವರೆಗೆ ಜೈಲಿಗೂ ಅವಕಾಶ ಇದೆ.

ಈಗ ಸಮಾಧಾನದ ಮಾತು. ಯಾರಿಗೂ ಪೆಟ್ಟಾಗದ ಇಂಥ ಒಂದೇ ಕೇಸು ಇದ್ದರೆ ಅಷ್ಟಕ್ಕೇ ಅಮೆರಿಕದ ಬಾಗಿಲು ಮುಚ್ಚುವುದಿಲ್ಲ. ಆದರೆ ಕೇಸು 5 ವರ್ಷದೊಳಗಿನದು, ಹಾಗಾಗಿ ಸಂದರ್ಶನ ಆದ ಮೇಲೆ ಅವರೇ ಗೊತ್ತುಮಾಡಿದ ಡಾಕ್ಟರ್ ಹತ್ತಿರ ಕಳಿಸುತ್ತಾರೆ. ಕುಡಿತ ಚಟವಾಗಿದೆಯಾ, ಮತ್ತೆ ಹೀಗೇ ಮಾಡುವ ಸಾಧ್ಯತೆ ಇದೆಯಾ ಅಂತ ಅಲ್ಲಿ ನೋಡುತ್ತಾರೆ. ಖರ್ಚು ನಿಮ್ಮದೇ, ವೀಸಾ ಕೈಗೆ ಬರುವುದೂ ತಡವಾಗುತ್ತದೆ. ವಾರಕ್ಕೆ ಎಷ್ಟು ಸಲ ತಗೊಳ್ತೀರಿ ಅಂದರೆ ಇದ್ದದ್ದು ಇದ್ದ ಹಾಗೆ ಹೇಳಿ.

ಸುಳ್ಳು ಹೇಳಿ ಸಿಕ್ಕಿಬಿದ್ದರೆ ಕಥೆ ಬೇರೆ. ಸುಳ್ಳು ಮಾಹಿತಿ ಕೊಟ್ಟರು ಅಂತ ದಾಖಲಾದರೆ ಆ ನಿಷೇಧಕ್ಕೆ ಅವಧಿ ಅಂತ ಇಲ್ಲ, ಪ್ರತಿ ಸಲವೂ ವಿಶೇಷ ವಿನಾಯಿತಿ ಬೇಡಿಕೊಂಡೇ ಹೋಗಬೇಕು. ಫಾರಂ ಯಾರೇ ತುಂಬಲಿ, ಉತ್ತರ ಕೊಟ್ಟವರು ನೀವೇ ಅಂತಲೇ ಲೆಕ್ಕ. ಏಜೆಂಟ್‌ಗೆ ಏನೂ ಆಗುವುದಿಲ್ಲ. ಮೊಮ್ಮಗುವಿನ ಮುಖ ನೋಡಲಾಗದೆ ಇಲ್ಲಿ ಕೂರುವವರು ನೀವು.

ಮೊದಲು ಕೋರ್ಟಿಗೆ ನಕಲು ಅರ್ಜಿ ಹಾಕಿ ಆದೇಶದ ದೃಢೀಕೃತ ಪ್ರತಿ ತೆಗೆದುಕೊಳ್ಳಿ, ದಂಡದ ರಸೀದಿಯನ್ನೂ ಹುಡುಕಿಡಿ. ಫಾರಂನಲ್ಲಿ ಎಂದು, ಎಲ್ಲಿ, ಯಾವ ಸೆಕ್ಷನ್, ಎಷ್ಟು ದಂಡ ಅಂತ ನಾಲ್ಕು ಸಾಲು ಬರೆದರೆ ಸಾಕು, ನೆಂಟರ ಬಲವಂತದ ಕಥೆಯೆಲ್ಲ ಬೇಡ.

ಕೆನಡಾ ಇನ್ನೂ ಕಷ್ಟ. 2018ರ ಡಿಸೆಂಬರ್ 18ರಿಂದ ಅಲ್ಲಿ ಇದು ಗಂಭೀರ ಅಪರಾಧ, ಗರಿಷ್ಠ ಶಿಕ್ಷೆ 10 ವರ್ಷ. ಈ ಕೇಸಿನಿಂದ ಪ್ರವೇಶಕ್ಕೆ ಬೀಳುವ ಅಡ್ಡಿ ತೆಗೆಸುವ ‘ಕ್ರಿಮಿನಲ್ ರಿಹ್ಯಾಬಿಲಿಟೇಶನ್’ಗೆ ಶಿಕ್ಷೆ ಮುಗಿದು 5 ವರ್ಷ ಆದ ಮೇಲಷ್ಟೇ ಅರ್ಜಿ ಹಾಕಬಹುದು. ಅದಕ್ಕೂ ಮುಂಚೆ ಹೋಗಲೇಬೇಕೆಂದರೆ ತಾತ್ಕಾಲಿಕ ಪರವಾನಗಿ ಕೇಳಬೇಕು. ತಂಗಿ ಮನೆ ಸದ್ಯಕ್ಕೆ ಬಿಟ್ಟುಬಿಡಿ.

ಇನ್ನೊಂದು ವಿಷಯ. ನಿಮ್ಮ ಮನೆಯವರ ಅರ್ಜಿಯೇ ಬೇರೆ, ಅವರ ಮೇಲೆ ಕೇಸಿಲ್ಲ. ನಿಮ್ಮದು ತಡವಾದರೂ ಅವರಿಗೆ ವೀಸಾ ಸಿಕ್ಕ ಕೂಡಲೇ ಟಿಕೆಟ್ ಮಾಡಿಸಿ. ಹೆರಿಗೆ ಹೊತ್ತಿಗೆ ಮಗಳ ಪಕ್ಕದಲ್ಲಿ ಅಮ್ಮನಾದರೂ ಇರಲಿ, ನೀವು ಹಿಂದಿನಿಂದ ಹೊರಡಿ.