ಫೋನಿನ ರೆಕಾರ್ಡಿಂಗನ್ನೇ ಬಿಡುಗಡೆ ಮಾಡಬಹುದಾ?

ಅಜ್ಜಿಯ ಮೇಲೆ ಬರೆದ ಹಾಡು ಫೋನಿನಲ್ಲಿ ಚೆನ್ನಾಗಿ ಬಂದಿದೆ, ಸ್ಟುಡಿಯೋದಲ್ಲಿ ಹಾಡಿದರೆ ಆ ಭಾವ ಬರ್ತಿಲ್ಲ ಅಂತ ಬರೆದಿದ್ದೀರಿ. ನನ್ನ ಕೇಳಿದರೆ ಫೋನಿನದ್ದನ್ನೇ ಇಟ್ಟುಕೊಳ್ಳಿ.

ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ 'ನೆಬ್ರಾಸ್ಕಾ' ಆಲ್ಬಮ್‌ನ ಹಾಡುಗಳನ್ನು ನ್ಯೂಜೆರ್ಸಿಯ ಮನೆಯ ಕೋಣೆಯಲ್ಲಿ, ನಾಲ್ಕು ಟ್ರ್ಯಾಕಿನ (ನಾಲ್ಕು ದನಿಗಳನ್ನು ಬೇರೆಬೇರೆಯಾಗಿ ಹಿಡಿಯುವ) ಕ್ಯಾಸೆಟ್ ಯಂತ್ರದಲ್ಲಿ ಬರೀ ಮಾದರಿಗೆಂದು ಹಾಡಿಟ್ಟಿದ್ದರು. ಆಮೇಲೆ ತಂಡದ ಜೊತೆ ಸ್ಟುಡಿಯೋದಲ್ಲಿ ನುಡಿಸಿ ನೋಡಿದರು, ಸರಿಹೋಗಲಿಲ್ಲ. ಕೊನೆಗೆ ಆ ಕ್ಯಾಸೆಟ್ಟೇ ಆಲ್ಬಮ್ ಆಯ್ತು. ಅವರ ಬೆನ್ನಿಗೆ ದೊಡ್ಡ ಕಂಪನಿ ಇತ್ತು, ಅದು ಬೇರೆ ಮಾತು. ಅಮೆರಿಕದ್ದೇ ಬಾನ್ ಇವೆರ್ ಎಂಬ ತಂಡದ ಗಾಯಕ ಜಸ್ಟಿನ್ ವರ್ನನ್‌ಗೆ ಅದೂ ಇರಲಿಲ್ಲ. ವಿಸ್ಕಾನ್ಸಿನ್‌ನಲ್ಲಿ ಅಪ್ಪನ ಕಾಡುಮನೆಯಲ್ಲಿ ಚಳಿಗಾಲ ಕಳೆದು ಮಾಡಿದ ಮೊದಲ ಆಲ್ಬಮನ್ನು 2007ರಲ್ಲಿ ತಾವೇ ಹೊರತಂದರು. ಅವರು ಮೊದಲು ಅರ್ಥವಿಲ್ಲದ ಅಕ್ಷರಗಳಲ್ಲಿ ರಾಗ ಹಾಡಿಕೊಂಡು, ಆ ಸದ್ದಿಗೆ ಹೊಂದುವ ಮಾತು ಹುಡುಕುತ್ತಿದ್ದರು. ನಿಮ್ಮ ಎರಡನೇ ಚರಣ ಪ್ರಬಂಧದ ಹಾಗೆ ಕೇಳಿಸ್ತಿದೆ ಅಂದಿರಲ್ಲ, ಅದಕ್ಕೆ ಇದನ್ನು ಮಾಡಿ ನೋಡಿ. ಜೊತೆಗೆ "ಪ್ರೀತಿ, ತ್ಯಾಗ"ದಂಥ ಮಾತೆಲ್ಲ ತೆಗೆದು ಅಜ್ಜಿಯ ಎಲೆಅಡಿಕೆ ಚೀಲವನ್ನೇ ತನ್ನಿ.

ಫೋನಿನ ಟೇಕಿನಲ್ಲಿ ಫ್ಯಾನಿನ ಸದ್ದಿದ್ದರೆ ಸ್ವಲ್ಪ ತಗ್ಗಿಸಬಹುದು, ಪೂರ್ತಿ ಒರೆಸಲು ಹೋದರೆ ದನಿಯೇ ನೀರಾಗುತ್ತೆ. ದನಿ ಒಡೆದು ಕರಕರ ಅಂತಿದ್ದರೆ ಮಾತ್ರ ಮತ್ತೆ ಹಾಡಲೇಬೇಕು. ಆಗಲೂ ಮನೆಯಲ್ಲೇ, ಅದೇ ಹೊತ್ತಿಗೆ, ಬಟ್ಟೆ ತುಂಬಿದ ಬೀರು ತೆರೆದಿಟ್ಟು ಅದರ ಎದುರು ಕೂತು ಹಾಡಿ, ಗೋಡೆಯ ಮಾರ್ದನಿ ತಗ್ಗುತ್ತೆ. ಮಿಕ್ಸಿಂಗ್‌ನವರಿಗೆ (ದನಿ, ವಾದ್ಯಗಳನ್ನು ಹದವಾಗಿ ಬೆರೆಸುವವರಿಗೆ) ಮೂಲ ಫೈಲನ್ನೇ ಕೊಡಿ. ವಾಟ್ಸ್ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಆಗಿ ಕಳಿಸಬೇಡಿ, ಗುಣಮಟ್ಟ ಬಿದ್ದುಹೋಗುತ್ತೆ.