ಲೆವಿಯಾಥಾನ್ ಮೊಸಳೆಯೇ?

ಪ್ರಶ್ನೆ: ಬೈಬಲ್‌ನ ಯೋಬನ ಗ್ರಂಥದಲ್ಲಿ ಬರುವ ಲೆವಿಯಾಥಾನ್ ಬರೀ ಮೊಸಳೆ ಎನ್ನುತ್ತಾರೆ. ನಿಜವೇ?

ಉತ್ತರ: ಅರ್ಧ ಮಾತ್ರ ಒಪ್ಪಬಹುದು. 41ನೇ ಅಧ್ಯಾಯದ ಪ್ರಕಾರ ಅದರ ಚಿಪ್ಪುಗಳು ನಡುವೆ ಗಾಳಿಯೂ ನುಸುಳದಷ್ಟು ಒತ್ತಾಗಿವೆ. ಇದು ಮೊಸಳೆಗೆ ಹೊಂದುತ್ತದೆ. ಆದರೆ ಮುಂದಿನ ವಚನಗಳಲ್ಲೇ ಬಾಯಿಂದ ಬೆಂಕಿ, ಮೂಗಿನಿಂದ ಹೊಗೆ! ಬೈಬಲ್‌ನದೇ 74ನೇ ಕೀರ್ತನೆಯಲ್ಲಂತೂ ಅದಕ್ಕೆ ಹಲವು ತಲೆ. ಅಂಥ ಮೊಸಳೆ ಯಾವ ನದಿಯಲ್ಲಿದೆ?

ಸಿರಿಯಾದ ರಾಸ್ ಶಮ್ರಾದಲ್ಲಿ 1929ರಿಂದ ನಡೆದ ಉತ್ಖನನದಲ್ಲಿ ಸಿಕ್ಕ ಪ್ರಾಚೀನ ಉಗಾರಿಟ್ ನಗರದ ಮಣ್ಣಿನ ಫಲಕಗಳಲ್ಲಿ, ಬಾಳ್ ದೇವರು ಕೊಂದ ಏಳು ತಲೆಯ ಹಾವು ಲೋಟಾನ್ ಬರುತ್ತದೆ. ಅದಕ್ಕಿರುವ ‘ಓಡುವ ಹಾವು, ಸುರುಳಿ ಹಾವು’ ಎಂಬ ವಿಶೇಷಣಗಳೇ ಬೈಬಲ್‌ನ ಯೆಶಾಯ ಗ್ರಂಥದ 27:1ರಲ್ಲಿ ಲೆವಿಯಾಥಾನ್‌ಗೂ ಇವೆ. ಬೇರು ಇಲ್ಲೇ ಇದೆ ಎನ್ನುವುದು ನಮ್ಮ ಅಭಿಪ್ರಾಯ.

ಹೀಬ್ರೂ ಬೈಬಲ್ ತೆರೆದರೆ ಗಲಿಬಿಲಿಯಾಗಬೇಡಿ: ಅಲ್ಲಿ ಯೋಬನ ಗ್ರಂಥದ ಈ ವರ್ಣನೆ 40:25ರಿಂದಲೇ ಶುರು.